ಭೋರ್‌ನಲ್ಲಿ ಎರಡನೇ ತಿಂಗಳ ಗುಳಿಗೆ

ಪುಣೆಯ ಸ್ವಾರಗೇಟ್‌ನಿಂದ ಹೊರಟ ಎಸ್‌ಟಿ ಬಸ್ಸು ಕಾತ್ರಜ ದಾಟಿ, ಖೇಡ್ ಶಿವಾಪುರದ ಟೋಲ್‌ನಾಕಾದಲ್ಲಿ ಒಂದಿಷ್ಟು ಹೊತ್ತು ತೆವಳಿ, ಕಾಪೂರಹೋಳದಲ್ಲಿ ಬೆಂಗಳೂರು ಹೆದ್ದಾರಿಯನ್ನು ಬಿಟ್ಟು ಬಲಕ್ಕೆ ಹೊರಳುತ್ತದೆ. ಆಚೆ ಲಾರಿಗಳ ಗದ್ದಲ. ಈಚೆಗೆ ಹೊರಳಿದ್ದೇ ತಡ, ಮರಗಳ ಸಾಲು, ಭತ್ತದ ಗದ್ದೆ, ದೂರದಲ್ಲಿ ಸಹ್ಯಾದ್ರಿಯ ಬೆನ್ನು. ಜೂನ್ ಮೊದಲ ವಾರ, ಮಳೆ ಇನ್ನೂ ಹಿಡಿದಿರಲಿಲ್ಲ. ಸಸಿಮಡಿ ಮಾಡಲೆಂದು ಸೊಪ್ಪುಸದೆ ಸುಟ್ಟ ಕಪ್ಪು ಮಚ್ಚೆಗಳು ಗದ್ದೆಗದ್ದೆಯಲ್ಲೂ ಕಾಣುತ್ತಿದ್ದವು.

ಬಸ್ಸಿನ ತುಂಬ ವಯಸ್ಸಾದವರೇ. ಮಹಾರಾಷ್ಟ್ರದಲ್ಲಿ 2022ರ ಆಗಸ್ಟ್‌ನಿಂದ 75 ದಾಟಿದವರಿಗೆ ಎಸ್‌ಟಿ ಪ್ರಯಾಣ ಪೂರ್ತಿ ಉಚಿತ, 65ರಿಂದ 75ರವರೆಗೆ ಅರ್ಧ ಟಿಕೆಟ್. ಹೆಂಗಸರಿಗೆ 2023ರಿಂದ ಎಲ್ಲ ವಯಸ್ಸಿನಲ್ಲೂ ಅರ್ಧ. ನಮ್ಮ ಶಕ್ತಿ ಯೋಜನೆಯಂತೆ ಇಲ್ಲೂ ಇದರಿಂದ ಮನೆಯ ಮೂಲೆಯಲ್ಲಿದ್ದ ಅಜ್ಜಿಯರು ರಸ್ತೆಗೆ ಬಂದಿದ್ದಾರೆ. ಮಗಳ ಮನೆಗೆ, ಮದುವೆಗೆ, ದೇವರಿಗೆ, ದವಾಖಾನೆಗೆ. ನನ್ನ ಪಕ್ಕದ ಬಾಬಾ ಬಿಳಿ ಗಾಂಧಿ ಟೋಪಿ ತೊಟ್ಟು ತೊಡೆಯ ಮೇಲೊಂದು ಪ್ಲಾಸ್ಟಿಕ್ ಚೀಲ ಇಟ್ಟುಕೊಂಡು ಕೂತಿದ್ದರು. ಎಕ್ಸ್‌ರೇ ಕವರು, ಮಡಿಸಿ ಮಡಿಸಿ ಗೆರೆಯಲ್ಲೇ ಹರಿದ ಚೀಟಿಗಳು, ಖಾಲಿಯಾದ ಗುಳಿಗೆ ಪಟ್ಟಿ ಎರಡು. ಏನಾಗಿದೆ ಬಾಬಾ ಅಂದೆ. ಮೊಣಕಾಲು ಅಂದರು. ಬಿಪಿ? "ಇತ್ತು. ಈಗ ಇಲ್ಲ." ಯಾವಾಗ ಹೋಯಿತು? "ಹೋದ ದೀಪಾವಳಿಗೆ ನೋಡಿಸಿದಾಗ ಕಡಿಮೆ ಬಂತು. ಬಿಟ್ಟೆ."

ಭೋರ್‌ಗೆ ಬಂದದ್ದು ಇಂಥ ಮಾತಿನ ಬೆನ್ನು ಹತ್ತಿಯೇ.

ಊರಿನ ಬಗ್ಗೆ ಎರಡು ಮಾತು. ಪುಣೆಯಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರು, ನೀರಾ ನದಿಯ ದಂಡೆಯಲ್ಲಿರುವ ತಾಲ್ಲೂಕು ಕೇಂದ್ರ. ಮೊದಲು ಪಂತ ಸಚಿವರ ಸಂಸ್ಥಾನ. 1948ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಪಂತರ ರಾಜವಾಡೆ ಇನ್ನೂ ಗಟ್ಟಿಯಾಗಿ ನಿಂತಿದೆ, ಸಿನಿಮಾದವರು ಆಗಾಗ ಬಂದು ಚಿತ್ರೀಕರಣ ಮಾಡಿಕೊಂಡು ಹೋಗುತ್ತಾರೆ. ಕೆತ್ತನೆಯ ಮರದ ಕಂಬಗಳ ಚೌಕಿ ಬಹಳ ಚೆಂದ. ಆದರೆ ನಾನು ಅದನ್ನು ನೋಡಿದ್ದು ಅವಸರದಲ್ಲಿ. ನನಗೆ ಬೇಕಾದದ್ದು ಬಸ್ ಸ್ಟ್ಯಾಂಡಿಗೂ ಪೇಟೆಗೂ ನಡುವಿನ ಮೆಡಿಕಲ್ ಶಾಪುಗಳು.

ಅಲ್ಲೊಂದು ಅಂಗಡಿಯ ಕಟ್ಟೆಗೆ ಒರಗಿ ನಿಂತೆ. ಸಂತೆಗೆ ಬಂದ ಹಳ್ಳಿಯವರು ಚಹಾ ಪುಡಿ, ಸುತ್ತಿಗೆ, ಬಿತ್ತನೆ ಬೀಜ ಎಲ್ಲ ಮುಗಿಸಿ ಕೊನೆಗೆ ಇಲ್ಲಿಗೆ ಬರುತ್ತಾರೆ. ಒಬ್ಬ ಮುದುಕಿ ಸೆರಗಿನ ಗಂಟು ಬಿಚ್ಚಿ ಗುಳಿಗೆ ಪಟ್ಟಿಯ ಬೆರಳಗಲದ ತುಂಡೊಂದನ್ನು ಮುಂದಿಟ್ಟಳು. ಹಿಂದಿನ ಬಾರಿ ಯಾರೋ ಕತ್ತರಿಯಿಂದ ಕತ್ತರಿಸಿ ಕೊಟ್ಟ ಎರಡು ಗುಳಿಗೆಯ ತುಂಡು. ಬೆಳ್ಳಿಕಾಗದದ ಮೇಲೆ ಉಳಿದದ್ದು ಔಷಧದ ಹೆಸರಿನ ಅರ್ಧ, "ಪಿನ್" ಅಂತ ಮುಗಿಯುವ ಭಾಗ ಅಷ್ಟೇ. ಎಷ್ಟು ಎಂ.ಜಿ., ಯಾವಾಗ ಅವಧಿ ಮುಗಿಯುತ್ತದೆ ಒಂದೂ ಇಲ್ಲ. ಅಂಗಡಿಯ ಹುಡುಗ ಬಣ್ಣ, ಗಾತ್ರ ನೋಡಿ ಗುರುತು ಹಿಡಿದ. "ಆಜಿ, ಎಷ್ಟು ಕೊಡಲಿ?" "ನಾಲ್ಕು ಕೊಡು. ಚಕ್ಕರ್ ಬಂದಾಗ ತಗೊಳ್ತೀನಿ." ಹುಡುಗ ಪೂರ್ತಿ ಪಟ್ಟಿ ತಗೋ ಆಜಿ, ಹತ್ತರದ್ದು ಏನು ಮಹಾ ಬೆಲೆಯಲ್ಲ ಅಂದ. ಅವಳು ಒಪ್ಪಲಿಲ್ಲ. ದುಡ್ಡಿನ ಮಾತಲ್ಲ ಅದು. ಕಾಯಿಲೆ ಇಲ್ಲದ ದಿನ ಔಷಧ ಯಾಕೆ ಎಂಬುದು ಅವಳ ಲೆಕ್ಕ. ಹುಡುಗ ಪಟ್ಟಿಗೆ ಮತ್ತೆ ಕತ್ತರಿ ಹಾಕಿದ.

ಆ ಗುಳಿಗೆ ಆಮ್ಲೋಡಿಪಿನ್. ನಮ್ಮ ದೇಶದ ಸರ್ಕಾರಿ ದವಾಖಾನೆಗಳಲ್ಲಿ ಬಿಪಿಗೆ ಸಾಮಾನ್ಯವಾಗಿ ಮೊದಲು ಕೊಡುವುದು ಇದನ್ನೇ. ಇದರ ಸ್ವಭಾವ ನಿಧಾನ. ನುಂಗಿದ ಗುಳಿಗೆಯ ಅರ್ಧ ಭಾಗ ದೇಹದಿಂದ ಹೊರಹೋಗಲು 30ರಿಂದ 50 ಗಂಟೆ ಹಿಡಿಯುತ್ತದೆ. ದಿನಾ ಒಂದರಂತೆ ತೆಗೆದುಕೊಂಡರೆ ರಕ್ತದಲ್ಲಿ ಒಂದು ಮಟ್ಟಕ್ಕೆ ಬಂದು ನಿಲ್ಲಲು ಒಂದು ವಾರ ಬೇಕು. ತಲೆ ಸುತ್ತಿದ ದಿನ ಒಂದು ನುಂಗಿ, ಆಮೇಲೆ ಹದಿನೈದು ದಿನ ಬಿಟ್ಟರೆ ಅದು ಮಾಡುವ ಕೆಲಸ ಬಹುಮಟ್ಟಿಗೆ ಸೊನ್ನೆ. ಅದಕ್ಕಿಂತ ಮುಖ್ಯವಾದದ್ದು, ಮುದುಕರ ತಲೆಸುತ್ತಿಗೆ ಕಾರಣ ನೂರಿರುತ್ತವೆ: ಕಿವಿ, ಕತ್ತು, ರಕ್ತಹೀನತೆ, ಊಟ ಬಿಟ್ಟದ್ದು, ಬಿಸಿಲು. ಬಿಪಿ ಹೆಚ್ಚಿದಾಗ ಸಾಮಾನ್ಯವಾಗಿ ಏನೂ ಆಗುವುದಿಲ್ಲ. 180 ಇದ್ದವರೂ ಗದ್ದೆಯಲ್ಲಿ ಕಳೆ ಕೀಳುತ್ತಾ ಹಾಡು ಹೇಳುತ್ತಿರುತ್ತಾರೆ.

ಏನೋ ಆಗುವುದು ಒಂದೇ ಸಲ. ಲಕ್ವಾ ಹೊಡೆದಾಗ. ಇಲ್ಲಿಯೂ ಅದಕ್ಕೆ ಲಕವಾ ಅಂತಲೇ ಹೆಸರು. ಭೋರ್‌ನ ಚಹಾದಂಗಡಿಯಲ್ಲಿ ಲಕವಾ ಅಂದರೆ ಸಾಕು, ಪ್ರತಿಯೊಬ್ಬರಿಗೂ ಒಬ್ಬ ಮಾವ, ಒಬ್ಬ ಚಿಕ್ಕಪ್ಪ, ಒಬ್ಬ ನೆರೆಯವರ ಕಥೆ ಇದೆ. ಬಾಯಿ ಸೊಟ್ಟಗಾದದ್ದು, ಕೈ ಸತ್ತದ್ದು, ಎಣ್ಣೆ ತಿಕ್ಕಿಸಲು ಯಾವ ಊರಿಗೆ ಕರೆದೊಯ್ದರು ಎಂಬುದು. ಅದಕ್ಕೂ ಸೆರಗಿನ ಗಂಟಿನ ಆ ಗುಳಿಗೆಗೂ ಏನು ನಂಟು ಅಂದರೆ ಮಾತು ನಿಂತುಹೋಗುತ್ತದೆ. ವಿಜಯಪುರದಲ್ಲಿ, ಹಾವೇರಿಯಲ್ಲಿ ನಿಂತು ಕೇಳಿದರೂ ಹೀಗೇ ಆದೀತು. ಮುಪ್ಪಿನಲ್ಲಿ ಬಂದ ಲಕ್ವಾವನ್ನು ವಿಧಿ ಅನ್ನುತ್ತೇವೆ, ಗಾಳಿ ಅನ್ನುತ್ತೇವೆ. ವರ್ಷಗಟ್ಟಲೆ ಅಳೆಯದೆ ಬಿಟ್ಟ ರಕ್ತದೊತ್ತಡ ಅನ್ನುವವರು ಕಡಿಮೆ.

ಇಲ್ಲಿ ಒಂದು ದೇಶವ್ಯಾಪಿ ಲೆಕ್ಕವನ್ನು ಹೇಳಬೇಕು. 2017-18ರಲ್ಲಿ ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ ಲಾಸಿ ಎಂಬ ಸಮೀಕ್ಷೆ ನಡೆಯಿತು. 45 ದಾಟಿದವರ ಮನೆಗೇ ಹೋಗಿ ಬಿಪಿ ಅಳೆದರು. ಶೇ 45.9ರಷ್ಟು ಮಂದಿಗೆ ಅಧಿಕ ರಕ್ತದೊತ್ತಡ. ಹಾಗೆ ಇದ್ದವರಲ್ಲಿ ತಮಗೆ ಬಿಪಿ ಇದೆ ಎಂದು ಗೊತ್ತಿದ್ದವರು ಶೇ 55.7, ಔಷಧ ತೆಗೆದುಕೊಳ್ಳುತ್ತಿದ್ದವರು ಶೇ 38.9, ಒತ್ತಡ ಹತೋಟಿಯಲ್ಲಿದ್ದವರು ಶೇ 31.7.

ಈ ಅಂಕಿಗಳನ್ನು ಸಾಮಾನ್ಯವಾಗಿ ಅಯ್ಯೋ ಎನ್ನುವ ಧಾಟಿಯಲ್ಲಿ ಬರೆಯುತ್ತಾರೆ. ನನಗೆ ಕಂಡದ್ದು ಬೇರೆ. ಗುಳಿಗೆ ತೆಗೆದುಕೊಳ್ಳುವ 39 ಮಂದಿಗೆ ಎದುರಾಗಿ 32 ಮಂದಿಯ ಬಿಪಿ ಹತೋಟಿಯಲ್ಲಿದೆ. ಅಂದರೆ ದಿನಾ ನುಂಗಿದವರಿಗೆ ಈ ಅಗ್ಗದ, ಹಳೆಯ ಗುಳಿಗೆ ಬಹುತೇಕ ಕೈಕೊಟ್ಟಿಲ್ಲ. ಸೋರಿಕೆ ಇರುವುದು ಅದಕ್ಕೂ ಮೊದಲು. 44 ಮಂದಿಗೆ ಗೊತ್ತೇ ಇಲ್ಲ, ಇನ್ನೂ 17 ಮಂದಿ ಗೊತ್ತಿದ್ದೂ ತೆಗೆದುಕೊಳ್ಳುತ್ತಿಲ್ಲ. ಬಸ್ಸಿನ ಬಾಬಾ ಮತ್ತು ಸೆರಗಿನ ಗಂಟಿನ ಆಜಿ ಈ 17ರ ಪೈಕಿ, ಅಥವಾ ಅದರ ಅಂಚಿನಲ್ಲಿ ಇರುವವರು. ದೊಡ್ಡ ಡಾಕ್ಟರು, ಹೊಸ ಔಷಧ, ಪುಣೆಯ ಆಸ್ಪತ್ರೆ ಯಾವುದೂ ಬೇಕಾಗಿಲ್ಲದ ಸೋರಿಕೆ ಇದು.

ಊರಿನ ಸರ್ಕಾರಿ ಆಸ್ಪತ್ರೆಯ ಕಡೆ ನಡೆದೆ. ಬಿಪಿ, ಶುಗರ್ ನೋಡುವ ಕೋಣೆಯ ಮುಂದೆ ಬೆಂಚು, ಬೆಂಚಿನ ಮೇಲೆ ಆಜಿಯರು, ಗೋಡೆಗೆ ಒರಗಿದ ಕೋಲುಗಳು. ಒಳಗೆ ಸಿಸ್ಟರ್ ಒಬ್ಬರು ಬಂದವರನ್ನು ಕೂಡಲೇ ಮುಟ್ಟುತ್ತಿರಲಿಲ್ಲ. "ಬಸಾ ಆಜಿ, ಪಾಚ್ ಮಿನಿಟ ಬಸಾ." ಐದು ನಿಮಿಷ ಸುಮ್ಮನೆ ಕೂರಿಸುವುದು. ಬೆನ್ನಿಗೆ ಆನಿಕೆ, ಎರಡೂ ಪಾದ ನೆಲಕ್ಕೆ, ಕಾಲ ಮೇಲೆ ಕಾಲು ಬೇಡ, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲೆ, ರವಿಕೆಯ ಬಿಗಿ ತೋಳನ್ನು ಮೇಲೆ ಮಡಚಿ ಹಿಡಿಸದೆ ಪೂರ್ತಿ ಸಡಿಲಿಸುವುದು, ಮಾತು ಇಲ್ಲ. ಮಾತು ಇಲ್ಲ ಎಂಬುದೇ ಬಲು ಕಷ್ಟ. ಪಟ್ಟಿ ಬಿಗಿಯುತ್ತಿದ್ದಂತೆ ಒಬ್ಬ ಆಜಿ ಸೊಸೆಯ ಪುರಾಣ ತೆಗೆದಳು. ಸಿಸ್ಟರ್ ತುಟಿಯ ಮೇಲೆ ಬೆರಳಿಟ್ಟರು. ಮೊದಲ ಸಲ 168 ಬಂತು, ತುಸು ಹೊತ್ತು ಬಿಟ್ಟು ನೋಡಿದಾಗ 154. ಬರೆದುಕೊಂಡದ್ದು ಆಮೇಲೆ. ಇಷ್ಟೂ ಸಣ್ಣ ಸಂಗತಿ ಅನ್ನಿಸಬಹುದು. ಆದರೆ ಜಾತ್ರೆಯ ಶಿಬಿರದಲ್ಲಿ, ಪಕ್ಷದವರ ಹುಟ್ಟುಹಬ್ಬದ ಶಿಬಿರದಲ್ಲಿ, ಮೆಟ್ಟಿಲು ಹತ್ತಿ ಏದುತ್ತಾ ಬಂದವರ ತೋಳಿಗೆ ಸೀರೆಯ ಮೇಲೇ ಪಟ್ಟಿ ಸುತ್ತಿ ಒಂದು ಅಂಕಿ ಬರೆದು ಕಳಿಸುವುದನ್ನು ನಾವೆಲ್ಲ ನೋಡಿದ್ದೇವೆ. ಆ ಅಂಕಿಯನ್ನು ನಂಬಿ ಯಾರಿಗೋ ಜೀವನಪೂರ್ತಿ ಗುಳಿಗೆ ಬೀಳುತ್ತದೆ, ಇನ್ಯಾರಿಗೋ ಬೀಳಬೇಕಾದದ್ದು ಬೀಳುವುದಿಲ್ಲ.

ಮೇಜಿನ ಮೇಲೆ ಪಾದರಸದ ಕಂಬ ಇರಲಿಲ್ಲ, ಬ್ಯಾಟರಿಯ ಯಂತ್ರ. 1896ರಲ್ಲಿ ಇಟಲಿಯ ರಿವಾ-ರೋಚಿ ತೋಳಿಗೆ ಗಾಳಿಪಟ್ಟಿ ಕಟ್ಟಿದ, 1905ರಲ್ಲಿ ರಷ್ಯಾದ ಕೊರೊಟ್ಕೋವ್ ಅದರ ಕೆಳಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದ. ಒಂದು ಶತಮಾನ ಕಿವಿಯಿಂದಲೇ ನಡೆಯಿತು. ಪಾದರಸವನ್ನು ಕೈಬಿಡುವ ಮಿನಮಾಟಾ ಒಪ್ಪಂದದ ನಂತರ ಅದು ಮೆಲ್ಲಗೆ ಮರೆಯಾಗುತ್ತಿದೆ. ಒಳ್ಳೆಯದೇ ಆಯಿತು. ಅಂಕಿ ಈಗ ಆಜಿಯ ಕಣ್ಣಿಗೂ ಕಾಣುತ್ತದೆ. ಓದಲು ಬಾರದವಳಿಗೂ ನೋಟಿನ ಸಂಖ್ಯೆ ಗೊತ್ತು. "ದೀಡಶೇ?" ಅಂತ ಕೇಳಿದಳು. ನೂರೈವತ್ತೇ?

ಬೆಂಚಿನ ಮೇಲೆ ಕೂತ ನಿವೃತ್ತ ಮಾಸ್ತರರೊಬ್ಬರು ನನಗೆ ಪಾಠ ಹೇಳಿದರು. ವಯಸ್ಸಿಗೆ ನೂರು ಕೂಡಿಸು, ಅಷ್ಟು ಇದ್ದರೆ ಸರಿ. ಅವರಿಗೆ 72, ಬಿಪಿ 170, ಹಾಗಾಗಿ ಚೊಕ್ಕ. ಈ ಸೂತ್ರ ಅವರ ಸ್ವಂತದ್ದಲ್ಲ. ಹಿಂದೆ ವೈದ್ಯರೇ ಹೀಗೆ ಹೇಳುತ್ತಿದ್ದ ಕಾಲವಿತ್ತು. ಮುಪ್ಪಿನಲ್ಲಿ ರಕ್ತನಾಳ ಗಡುಸಾಗುತ್ತದೆ, ಮೇಲಿನ ಅಂಕಿ ಏರುತ್ತದೆ, ಕೆಳಗಿನದು ಇಳಿಯುತ್ತದೆ. 170ಕ್ಕೆ 70 ಇದ್ದರೆ ಅದು ಪ್ರಕೃತಿ, ಮುಟ್ಟಬೇಡಿ ಎನ್ನುವುದು ಅಂದಿನ ನಂಬಿಕೆ. ಅದು ಮುರಿದದ್ದು 1991ರಲ್ಲಿ. ಅಮೆರಿಕದಲ್ಲಿ 60 ದಾಟಿದ, ಮೇಲಿನ ಅಂಕಿ ಮಾತ್ರ ಏರಿದ್ದ 4,736 ಮಂದಿಯ ಮೇಲೆ ನಡೆದ ಶೆಪ್ ಎಂಬ ಪ್ರಯೋಗದಲ್ಲಿ ಅಗ್ಗದ ಮೂತ್ರವರ್ಧಕ ಗುಳಿಗೆಯಿಂದ ಶುರುವಾದ ಚಿಕಿತ್ಸೆ ಪಾರ್ಶ್ವವಾಯುವನ್ನು ಶೇ 36ರಷ್ಟು ಇಳಿಸಿತು. ಆಮೇಲೂ 80 ದಾಟಿದವರ ವಿಷಯದಲ್ಲಿ ಅನುಮಾನ ಉಳಿದಿತ್ತು. 2008ರ ಹೈವೆಟ್ ಪ್ರಯೋಗ ಅದನ್ನೂ ತೀರಿಸಿತು. 80 ಮೀರಿದ 3,845 ಮಂದಿಯಲ್ಲಿ ಚಿಕಿತ್ಸೆ ಪಡೆದವರ ಸಾವು ಐದರಲ್ಲೊಂದು ಪಾಲು ಕಡಿಮೆಯಾಗಿ, ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಮಾಸ್ತರರಿಗೆ ಇದನ್ನು ನನ್ನ ಹರಕು ಮರಾಠಿಯಲ್ಲಿ ಹೇಳಿದೆ. ಅವರು ಸಾವಧಾನವಾಗಿ ಕೇಳಿ, "ಆ ಅಮೆರಿಕದವರು ಭಾಕರಿ ತಿನ್ನುತ್ತಾರೆಯೇ?" ಅಂದರು. ಅಷ್ಟರಲ್ಲಿ ಅವರ ಸರದಿ ಬಂತು.

ಮುದುಕರ ಬಿಪಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಔಷಧ ಹೆಚ್ಚಾದರೆ ಹಾಸಿಗೆಯಿಂದ ಎದ್ದು ನಿಂತ ಕೂಡಲೇ ಒತ್ತಡ ಕುಸಿದು ಬೀಳುತ್ತಾರೆ, ಸೊಂಟದ ಮೂಳೆ ಮುರಿಯುತ್ತದೆ. ಹಾಗಾಗಿ ಕೂರಿಸಿ ನೋಡಿದ ಮೇಲೆ ನಿಲ್ಲಿಸಿಯೂ ನೋಡಬೇಕು. 80 ದಾಟಿದವರ ವಿಷಯದಲ್ಲಿ ವೈದ್ಯರು ತುಸು ಸಡಿಲ ಬಿಡುವುದೂ ಇದಕ್ಕೇ. ಆಮ್ಲೋಡಿಪಿನ್ ಕೆಲವರಿಗೆ ಪಾದದಲ್ಲಿ ಊತ ತರುತ್ತದೆ. ಊತ ಕಂಡವರು ಕಿಡ್ನಿ ಹೋಯಿತೆಂದು ಹೆದರಿ, ಹೇಳದೆ ಕೇಳದೆ ಗುಳಿಗೆ ನಿಲ್ಲಿಸುತ್ತಾರೆ. ಹೇಳಿದ್ದರೆ ಡೋಸು ಇಳಿಸಿ ಬೇರೆ ಗುಳಿಗೆ ಕೂಡಿಸಬಹುದಿತ್ತು. ಮತ್ತೆ ಬಸ್ಸಿನ ಬಾಬಾನ ಮೊಣಕಾಲು. ನೋವಿಗೆಂದು ಅಂಗಡಿಯಿಂದ ತಂದು ದಿನಾ ನುಂಗುವ ಡೈಕ್ಲೋಫೆನಾಕ್‌ನಂಥ ಗುಳಿಗೆಗಳು ಉಪ್ಪು ನೀರನ್ನು ದೇಹದಲ್ಲಿ ಹಿಡಿದಿಟ್ಟು ಬಿಪಿ ಏರಿಸುತ್ತವೆ. ಬಿಪಿಯ ಗುಳಿಗೆ ಬಿಟ್ಟು ಮೊಣಕಾಲಿನ ಗುಳಿಗೆ ಹಿಡಿದವರಿಗೆ ಎರಡೂ ಕಡೆಯಿಂದ ಪೆಟ್ಟು.

ಮಧ್ಯಾಹ್ನ ಪೇಟೆಯಲ್ಲಿ ಸುತ್ತಿದೆ. ಭೋರ್‌ನಿಂದ ವರಂಧ ಘಾಟ್ ಇಳಿದರೆ ಮಹಾಡ್, ಅಲ್ಲಿಂದಾಚೆ ಕೊಂಕಣ. ಕಡಲಿನ ವಾಸನೆ ಘಟ್ಟ ಹತ್ತಿ ಒಣಮೀನಿನ ರೂಪದಲ್ಲಿ ಇಲ್ಲಿಯವರೆಗೂ ಬರುತ್ತದೆ. ಬೊಂಬಿಲ್, ಸುಕಟ್ ರಾಶಿಯ ಮುಂದೆ ಕೂತ ಹೆಂಗಸು ಮಳೆಗಾಲಕ್ಕೆ ಈಗಲೇ ಒಯ್ಯಿರಿ ಅಂತ ಕೂಗುತ್ತಿದ್ದಳು. ಮೀನಿನ ಮೈಮೇಲೆ ಉಪ್ಪಿನ ಹರಳು ಕಣ್ಣಿಗೆ ಕಾಣುತ್ತಿತ್ತು. ಪಕ್ಕದಲ್ಲಿ ಪಾಪಡ್, ಉಪ್ಪಿನಕಾಯಿ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಕಲ್ಲುಪ್ಪು ಜಜ್ಜಿದ ಠೇಚಾ ಇಲ್ಲದೆ ಭಾಕರಿ ಗಂಟಲಿಗೆ ಇಳಿಯುವುದಿಲ್ಲ. ನಮ್ಮ ಉತ್ತರ ಕರ್ನಾಟಕದ ರಂಜಕದ ಹಾಗೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಉಪ್ಪು ಸಾಕು ಅನ್ನುತ್ತದೆ, ಅಂದರೆ ಒಂದು ಚಹಾ ಚಮಚ. ದೇಶದಲ್ಲಿ ಸರಾಸರಿ ತಿನ್ನುತ್ತಿರುವುದು 8 ಗ್ರಾಂ ಆಸುಪಾಸು. ಉಪ್ಪು ಬಿಡಿ ಎಂದು ಮುದುಕರಿಗೆ ಹೇಳುವುದು ಸುಲಭ. ಹಲ್ಲಿಲ್ಲದ ಬಾಯಿಗೆ, ರುಚಿ ಮೊಂಡಾದ ನಾಲಿಗೆಗೆ, ದಿನವಿಡೀ ಒಂದೇ ಸಾರು ಭಾಕರಿಗೆ ಉಳಿದ ಸುಖ ಅದೊಂದೇ. ನಾನಂತೂ ಯಾರಿಗೂ ಠೇಚಾ ಬಿಡಿ ಅನ್ನಲಿಲ್ಲ. ಪಾಪಡ್ ಮತ್ತು ಒಣಮೀನನ್ನು ನಿತ್ಯದ ತಟ್ಟೆಯಿಂದ ಹಬ್ಬದ ತಟ್ಟೆಗೆ ಸರಿಸಿದರೂ ಸಾಕಷ್ಟಾಯಿತು.

ಬಟ್ಟೆಯಂಗಡಿಯ ಮೆಟ್ಟಿಲ ಮೇಲೆ ಮೂವರು ಆಜಿಯರು ಪುಟ್ಟ ಡಬ್ಬಿಯಿಂದ ಕಪ್ಪು ಪುಡಿ ತೆಗೆದು ಹಲ್ಲಿಗೆ ತಿಕ್ಕುತ್ತಿದ್ದರು. ಮಿಶ್ರಿ. ತಂಬಾಕನ್ನು ಕಾವಲಿಯ ಮೇಲೆ ಕರಕಲಾಗುವಂತೆ ಹುರಿದು ಪುಡಿ ಮಾಡಿದ್ದು. ಮಹಾರಾಷ್ಟ್ರದ ಹಳ್ಳಿ ಹೆಂಗಸರ ಹಳೆಯ ಅಭ್ಯಾಸ. ಇದನ್ನು ಯಾರೂ ತಂಬಾಕು ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ತಂಬಾಕು ತಿನ್ನುತ್ತೀರಾ ಅಂದರೆ ಇಲ್ಲ ಅನ್ನುತ್ತಾರೆ, ಸುಳ್ಳೂ ಅಲ್ಲ. ಅವರ ಪ್ರಕಾರ ಅದು ಹಲ್ಲುಪುಡಿ. ನಿಕೋಟಿನ್ ಮಾತ್ರ ಒಸಡಿನಿಂದ ನೇರ ರಕ್ತಕ್ಕೆ ಇಳಿದು ಸ್ವಲ್ಪ ಹೊತ್ತು ಒತ್ತಡ ಏರಿಸುತ್ತದೆ. 30 ದಾಟಿದವರ ಮನೆಮನೆಗೆ ಹೋಗಿ ಫಾರ್ಮು ತುಂಬುವ ಆಶಾತಾಯಿಯೊಬ್ಬರು ಇದನ್ನು ಕಲಿತಿದ್ದಾರೆ. ತಂಬಾಕಿನ ಕಾಲಂಗೆ ಬಂದಾಗ ಆಕೆ ತಂಬಾಕು ಅನ್ನುವುದೇ ಇಲ್ಲ, ಹಲ್ಲು ಯಾವುದರಿಂದ ಉಜ್ಜುತ್ತೀರಿ ಅಂತ ಕೇಳುತ್ತಾರೆ.

ಊರಿನ ಹತ್ತಿರವೇ ವೇಳವಂಡಿ ನದಿಗೆ ಕಟ್ಟಿದ ಭಾಟಘರ್ ಅಣೆಕಟ್ಟಿದೆ. ಬ್ರಿಟಿಷರ ಕಾಲದಲ್ಲಿ ಲಾಯ್ಡ್ ಡ್ಯಾಮ್ ಎಂದು ಹೆಸರು, 1928ರಲ್ಲಿ ಮುಗಿಯಿತು. ರಕ್ತದೊತ್ತಡದ ಬಗ್ಗೆ ಬರೆಯಲು ಬಂದವನ ಮುಂದೆ ಅಣೆಕಟ್ಟು ನಿಂತರೆ ಹೋಲಿಕೆ ತಾನಾಗಿ ಕೈಗೆ ಬರುತ್ತದೆ. ಆದರೆ ಅದು ಅರ್ಧಕ್ಕೇ ನಿಲ್ಲುತ್ತದೆ. ಅಣೆಕಟ್ಟಿನ ನೀರಿನ ಮಟ್ಟವನ್ನು ದಿನಾ ಅಳೆದು ಬರೆಯುತ್ತಾರೆ, ಪತ್ರಿಕೆಯಲ್ಲೂ ಬರುತ್ತದೆ. ಅದರ ಕೆಳಗಿನ ಹಳ್ಳಿಯಲ್ಲಿ ಬೀಡಿ ಸೇದುತ್ತಾ ಕೂತಿದ್ದ ದನಗಾಹಿ ಅಜ್ಜನ ತೋಳಿಗೆ ಪಟ್ಟಿ ಕಟ್ಟಿದ್ದು ಯಾವಾಗ ಅಂತ ಅವನಿಗೇ ನೆನಪಿಲ್ಲ. ಡ್ಯಾಮಿನಲ್ಲಿ ಈಗ ಎಷ್ಟು ನೀರಿದೆ ಅಂದರೆ ಥಟ್ಟನೆ ಹೇಳಿದ.

ಮರುದಿನ ಅಂಬವಡೆಯ ದಾರಿ ಹಿಡಿದು ಕೋರ್ಲೆ ಕಡೆಯಿಂದ ರಾಯರೇಶ್ವರಕ್ಕೆ ಹೊರಟೆ. ಭೋರ್ ತಾಲ್ಲೂಕಿನ ಪಶ್ಚಿಮ ಅಂದರೆ ಬೆಟ್ಟದ ಮೇಲೆ ಬೆಟ್ಟ. ಅದರ ಒಂದು ಭಾಗದ ಹಳೆಯ ಹೆಸರು ಹಿರಡಸ ಮಾವಳ. ರಾಯರೇಶ್ವರ 4,000 ಅಡಿಗೂ ಎತ್ತರದ ವಿಶಾಲ ಹಾಸು. 1645ರಲ್ಲಿ ಶಿವಾಜಿ ಸ್ವರಾಜ್ಯದ ಪ್ರತಿಜ್ಞೆ ಮಾಡಿದ್ದು ಇಲ್ಲಿಯ ಶಿವಾಲಯದಲ್ಲಿ ಎಂಬುದು ಪ್ರತೀತಿ. ಕೊನೆಯ ಬಂಡೆಗೆ ಕಬ್ಬಿಣದ ಏಣಿ ಹಾಕಿದ್ದಾರೆ. ಮೇಲೆ ಒಂದು ಊರೇ ಇದೆ. ಅಲ್ಲಿಯವರ ಅಡ್ಡಹೆಸರು ಜಂಗಮ, ತಲೆತಲಾಂತರದಿಂದ ದೇವರ ಸೇವೆ ಅವರದ್ದು. ಮಾತು ಅಪ್ಪಟ ಮರಾಠಿ. ಆದರೂ ಅಷ್ಟು ಎತ್ತರದಲ್ಲಿ ಆ ಹೆಸರು ಕಿವಿಗೆ ಬಿದ್ದಾಗ ಕನ್ನಡದವನು ಒಂದು ಕ್ಷಣ ನಿಲ್ಲುತ್ತಾನೆ.

ಏಣಿಯ ಬುಡದಲ್ಲಿ ಚೀಲ ಇಳಿಸಿ ಕೂತಿದ್ದ ಹಿರಿಯರೊಬ್ಬರ ಜೊತೆ ಮಾತಿಗೆ ಕೂತೆ. ಚೀಲದಲ್ಲಿ ಸಕ್ಕರೆ, ಎಣ್ಣೆ, ಬೀಜ. ಕೆಳಗಿನ ಶಿಬಿರವೊಂದರಲ್ಲಿ ಅವರಿಗೆ ಬಿಪಿ ಇದೆ ಅಂದಿದ್ದರಂತೆ. ಒಂದು ತಿಂಗಳ ಗುಳಿಗೆ ಕೊಟ್ಟಿದ್ದರು. "ಒಂದೂ ಬಿಡದೆ ತಗೊಂಡೆ. ಮುಗಿದವು." ಆಮೇಲೆ? "ಆಮೇಲೇನು, ಮುಗಿದವು ಅಂದೆನಲ್ಲ." ನನ್ನ ಪ್ರಶ್ನೆಯೇ ಅವರಿಗೆ ವಿಚಿತ್ರವಾಗಿ ಕಂಡಿತು. ಯೋಚಿಸಿದರೆ ಅವರದ್ದೇ ಸರಿ. ಜ್ವರಕ್ಕೆ ಮೂರು ದಿನ, ಹಲ್ಲು ನೋವಿಗೆ ಐದು ದಿನ, ಕ್ಷಯಕ್ಕೆ ಆರು ತಿಂಗಳು. ಗುಳಿಗೆ ಮುಗಿದರೆ ಕಾಯಿಲೆ ಮುಗಿದ ಹಾಗೆ. ದವಾಖಾನೆಗಳು ಈ ಜನಕ್ಕೆ ಅರ್ಧ ಶತಮಾನ ಕಲಿಸಿದ್ದು ಅದನ್ನೇ. ಮುಗಿಯದ ಗುಳಿಗೆ ಎಂಬುದನ್ನು ಯಾರೂ ಬಿಡಿಸಿ ಹೇಳಿಲ್ಲ, ಹೇಳಿದ್ದರೂ ಒಂದು ನಿಮಿಷದಲ್ಲಿ ಹೇಳಿರಬೇಕು. ಎರಡನೇ ತಿಂಗಳ ಗುಳಿಗೆಗೆ ಏಣಿ ಇಳಿದು, ಕೋರ್ಲೆಗೆ ನಡೆದು, ಬಸ್ಸು ಹಿಡಿದು, ಪಾಳಿಯಲ್ಲಿ ನಿಂತು, ಮತ್ತೆ ಅದೇ ಏಣಿ ಹತ್ತಬೇಕು. ಮೈಯಲ್ಲಿ ಏನೂ ಆಗಿಲ್ಲದ ಮನುಷ್ಯ ಯಾಕಾಗಿ ಹತ್ತಿಳಿದಾನು? ಎಸ್‌ಟಿ ಉಚಿತ, ಸರ್ಕಾರಿ ಗುಳಿಗೆ ಉಚಿತ. ಇವೆರಡರ ನಡುವೆ ಉಳಿದ ದಾರಿಗೆ ಮಾತ್ರ ಬೆಲೆ ತೆರಬೇಕು.

ಸಹ್ಯಾದ್ರಿಯ ಈ ಕಾಡಿನ ಸಾಲಿಗೂ ಬಿಪಿಗೂ ಹಳೆಯ ಸಂಬಂಧವೊಂದಿದೆ. ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಸರ್ಪಗಂಧಿಯ ಬೇರನ್ನು ನಮ್ಮ ನಾಟಿ ವೈದ್ಯರು ನಿದ್ದೆಗೆ, ಹುಚ್ಚಿಗೆ ಕೊಡುತ್ತಿದ್ದರು. ಮುಂಬೈನ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಅದನ್ನು ರೋಗಿಗಳಿಗೆ ಕೊಟ್ಟು, ಒತ್ತಡ ಇಳಿದದ್ದನ್ನು ಅಳೆದು, 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದರು. ಜಗತ್ತು ಈ ಬೇರಿನ ಹಿಂದೆ ಬಿತ್ತು. 1952ರಲ್ಲಿ ಅದರಿಂದ ರೆಸರ್ಪಿನ್ ಬೇರ್ಪಡಿಸಿದರು. 1957ರಲ್ಲಿ ವಕೀಲರಿಗೆ ಅಮೆರಿಕದ ಲ್ಯಾಸ್ಕರ್ ಪ್ರಶಸ್ತಿ ಬಂತು. ಮಂಕು ಕವಿಸುವ ಗುಣದಿಂದಾಗಿ ಈಗ ಆ ಔಷಧದ ಬಳಕೆ ಬಹಳ ಕಡಿಮೆ. ಬಿಪಿಗೆ ಔಷಧವೇ ಇಲ್ಲ ಎನ್ನುವಂತಿದ್ದ ಕಾಲ ಅಷ್ಟೇನೂ ಹಿಂದಿನದಲ್ಲ ಎಂಬುದಕ್ಕೆ ಇದನ್ನು ಹೇಳಿದೆ. 1945ರ ಏಪ್ರಿಲ್‌ನಲ್ಲಿ ಮಿದುಳಿನ ರಕ್ತಸ್ರಾವದಿಂದ ಸತ್ತಾಗ ರೂಸ್‌ವೆಲ್ಟ್‌ಗೆ 63 ವರ್ಷ. ಅಂದು ಅವರ ಒತ್ತಡ 300 ತಲುಪಿತ್ತು. ಅಮೆರಿಕದ ಅಧ್ಯಕ್ಷನಿಗೆ ಸಿಗದಿದ್ದ ಗುಳಿಗೆ ಇವತ್ತು ಭೋರ್‌ನ ಮೆಡಿಕಲ್‌ನಲ್ಲಿ ನಾಲ್ಕರ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ.

ಈ ಸೋರಿಕೆಯ ಇನ್ನೊಂದು ಮುಖ ನೋಡಲು ನೀರಾ ದಾಟಿ ಶಿರವಳಕ್ಕೆ ಹೋದೆ. ಹೊಳೆಯ ಆಚೆ ಜಿಲ್ಲೆ ಬದಲಾಗುತ್ತದೆ, ಅದು ಸಾತಾರಾ. 2017ರ ನವೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ, ಐಸಿಎಂಆರ್, ವಿಶ್ವ ಆರೋಗ್ಯ ಸಂಸ್ಥೆ ಸೇರಿ ಐದು ರಾಜ್ಯಗಳ 25 ಜಿಲ್ಲೆಗಳಲ್ಲಿ ಅಧಿಕ ರಕ್ತದೊತ್ತಡ ನಿಯಂತ್ರಣದ ಕಾರ್ಯಕ್ರಮ ಶುರು ಮಾಡಿದವು. ಮಹಾರಾಷ್ಟ್ರದಿಂದ ಆರಿಸಿದ ನಾಲ್ಕರಲ್ಲಿ ಸಾತಾರಾ ಒಂದು. ಕಾರ್ಯಕ್ರಮದಲ್ಲಿ ಚಮತ್ಕಾರವೇನಿಲ್ಲ. ಎಲ್ಲರಿಗೂ ಒಂದೇ ಕ್ರಮದ ಔಷಧ, ಒಬ್ಬೊಬ್ಬರಿಗೂ ಕಾರ್ಡು, ಕೈಗೆ ಒಮ್ಮೆಗೇ ಕನಿಷ್ಠ 30 ದಿನದ ಗುಳಿಗೆ, ತಾರೀಖಿಗೆ ಬಾರದವರಿಗೆ ಫೋನು, ಫೋನಿಗೂ ಸಿಗದವರ ಮನೆಗೆ ಆಶಾ. ಅಂದರೆ ಇಡೀ ಹೂಟ ಇರುವುದು ಎರಡನೇ ತಿಂಗಳ ಸುತ್ತಲೇ. 2022ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿ ಬಂತು. ತಮಿಳುನಾಡು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 2021ರ ಆಗಸ್ಟ್‌ನಲ್ಲಿ ನಮ್ಮ ಗಡಿಗೆ ಹೊಂದಿದ ಕೃಷ್ಣಗಿರಿ ಜಿಲ್ಲೆಯಿಂದ ಗುಳಿಗೆಯನ್ನೇ ಮನೆಗೆ ತಲುಪಿಸಲು ಶುರು ಮಾಡಿತು. ಕರ್ನಾಟಕದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಿಂದ ಹೊರಟದ್ದು ಅದೇ ದಾರಿಯಲ್ಲಿ. ಏಣಿಯ ಬುಡದ ಆ ಹಿರಿಯರನ್ನು ಕಂಡ ಮೇಲೆ ನನಗೆ ಇದರ ಬಗ್ಗೆ ಎರಡು ಮಾತಿಲ್ಲ. ಇನ್ನೊಂದು ದೊಡ್ಡ ಆಸ್ಪತ್ರೆಯ ಶಂಕುಸ್ಥಾಪನೆಗಿಂತ ಒಬ್ಬ ಆಶಾಳ ಚೀಲದಲ್ಲಿನ ಗುಳಿಗೆ ಪಟ್ಟಿ ಹೆಚ್ಚು ಜೀವ ಉಳಿಸುತ್ತದೆ, ಆಕೆಗೆ ಸಂಬಳ ಸರಿಯಾಗಿ ಸಿಕ್ಕರೆ.

ಶಿರವಳದ ಸುತ್ತ ಕಾರ್ಖಾನೆಗಳು. ಕಾರ್ಮಿಕರ ಬಾಡಿಗೆ ಕೋಣೆಗಳ ಸಾಲಿನಲ್ಲಿ ಕನ್ನಡ ಕೇಳಿಸಿತು. ಇಂಡಿ ತಾಲ್ಲೂಕಿನವರು. ಮಗ ಕಾರ್ಖಾನೆಯಲ್ಲಿ, ಸೊಸೆ ಮನೆಯಲ್ಲಿ, ಬೇಸಿಗೆಗೆಂದು ಬಂದ ತಾಯಿ ಬಾಗಿಲಲ್ಲಿ ಶೇಂಗಾ ಸುಲಿಯುತ್ತಿದ್ದಳು. ಆರೋಗ್ಯ ಸಿಬ್ಬಂದಿಯ ಹೆಣ್ಣುಮಗಳೊಬ್ಬಳು ಯಂತ್ರ ಹಿಡಿದು ಮನೆ ಮನೆ ನೋಡುತ್ತಾ ಬಂದಳು. ಅವಳಿಗೆ ಕನ್ನಡ ಬಾರದು, ಆಯಿಗೆ ಮರಾಠಿ ಅರ್ಧಂಬರ್ಧ. ನಡುವೆ ನಾನು.

"ನನಗ ಎಲ್ಲಿ ಬಿಪಿ ಬಿಡೋ ತಮ್ಮಾ. ಬಿಪಿ ಸಿಟ್ಟಿನ ಮಂದಿಗೆ ಬರತೈತಿ. ನಾ ಯಾರಿಗೂ ಒಂದ್ ಮಾತ ಅಂದಾಕಿ ಅಲ್ಲ."

ಒಳಗಿನಿಂದ ಸೊಸೆ ನಕ್ಕಳು. ಯಂತ್ರ 172 ತೋರಿಸಿತು. ಎರಡನೆಯ ಸಲ 166. ಊರಲ್ಲಿ ಎಂದಾದರೂ ನೋಡಿಸಿದ್ದಿರಾ ಅಂದರೆ, ನೋಡಿಸಿದ್ದಳು. ಊರಿನ ದವಾಖಾನೆಯಲ್ಲಿ ಕಾರ್ಡೂ ಮಾಡಿಸಿದ್ದಾರೆ, ಕಾರ್ಡು ಊರಿನ ಟ್ರಂಕಿನಲ್ಲಿ. ಗುಳಿಗೆ ತಂದಿಲ್ಲ. ಯಾಕೆ? "ಅಲ್ಲಿ ಕೊಡತಿದ್ದದ್ದು ಬಿಳೇದು. ನಡುವ ಒಮ್ಮೆ ಕೆಂಪಂದು ಕೊಟ್ರು. ಅದು ನನ್ನ ಗುಳಿಗಿ ಅಲ್ಲ ಅಂತ ಇಟ್ಟಬಿಟ್ಟೆ." ಕಂಪನಿ ಬದಲಾದಾಗ ಬಣ್ಣ ಬದಲಾಗಿದೆ, ಔಷಧ ಅದೇ. ಯಾರೂ ಹೇಳಿಲ್ಲ, ಅವಳೂ ಕೇಳಿಲ್ಲ. ಸಿಬ್ಬಂದಿಯ ಹುಡುಗಿ ಊರಿಗೆ ಫೋನು ಹಚ್ಚಿಸಿ, ಕಾರ್ಡಿನ ಫೋಟೊ ತರಿಸಿಕೊಂಡು, ಔಷಧದ ಹೆಸರು ಓದಿ ತನ್ನ ವಹಿಯಲ್ಲಿ ಬರೆದುಕೊಂಡಳು. ನಾಳೆ ಉಪಕೇಂದ್ರಕ್ಕೆ ಬಂದರೆ ಡಾಕ್ಟರರಿಗೆ ತೋರಿಸಿ ಅದೇ ಗುಳಿಗೆ ತಿಂಗಳಿಗಾಗುವಷ್ಟು ಕೊಡಿಸುತ್ತೇನೆ, ಬಣ್ಣ ಬೇರೆ ಇದ್ದೀತು, ಹೆದರಬೇಡಿ ಎಂದು ನನ್ನ ಮೂಲಕ ಎರಡು ಸಲ ಹೇಳಿಸಿದಳು.

ಆಯಿ ಲೆಕ್ಕ ಹಾಕಿದಳು. ಕಾರಹುಣ್ಣಿಮಿಗೆ ಊರಿಗೆ ಹೋಗಬೇಕು. ಅಲ್ಲಿಂದ ಆಷಾಢ ಏಕಾದಶಿಗೆ ಪಂಢರಪುರ. ವಾರಿಯ ದಾರಿಯಲ್ಲಿ ಡಾಕ್ಟರರ ಶಿಬಿರ ಇರುತ್ತವಲ್ಲ, ಅಲ್ಲೇ ತಗೊಂಡರಾಯಿತು ಅಂದಳು. ನಾನು ಅನುವಾದಿಸಿದೆ. ಹುಡುಗಿ ತಲೆಯಾಡಿಸಿ, ಊರಿಗೆ ಹೋಗುವ ಮುನ್ನ ಇನ್ನೊಂದು ತಿಂಗಳದ್ದು ಒಯ್ಯಲು ಬರಬೇಕು ಎಂದು ಸೊಸೆಯ ಫೋನ್ ನಂಬರ್ ಬರೆದುಕೊಂಡಳು.

"ಅತ್ತಿ ಮರೀತಾರ್ರಿ," ಅಂದಳು ಸೊಸೆ. "ಚಹಾ ಪುಡಿ ಡಬ್ಬಿ ಬಾಜೂಕ ಇಟ್ಟು ನಾನೇ ಕೊಡತೀನಿ. ಚಹಾದ ಮೊದಲೋ ಆಮ್ಯಾಲೋ, ಕೇಳ್ರಿ."

ಕೇಳಿದೆ. ಯಾವಾಗಾದರೂ ಸರಿ, ದಿನಾ ಅದೇ ಹೊತ್ತಿಗೆ ಅಂತ ಉತ್ತರ ಬಂತು. ಹುಡುಗಿ ಯಂತ್ರದ ಪಟ್ಟಿ ಸುತ್ತಿಕೊಂಡು ಪಕ್ಕದ ಕೋಣೆಯ ಬಾಗಿಲು ತಟ್ಟಿದಳು.